ಚುಕ್ಕೆ ಗೆರೆಗಳನ್ನು ಓದುವ ಯಂತ್ರ



ಮೋರ್ಸ್ ಸಂಕೇತದಲ್ಲಿ ರೇಡಿಯೋ ಮೂಲಕ ಕಳುಹಿಸಿದ ಸಂದೇಶವನ್ನು ಮನುಷ್ಯನ ಕಿವಿಯ ನೆರವಿಲ್ಲದೆ ಯಂತ್ರವೇ ಕೇಳಿ, ಅಕ್ಷರಗಳನ್ನಾಗಿ ಬರೆದುಕೊಡುವ ಬಗೆ ಹೇಗೆ, ಮತ್ತು ಹಾಗೆ ಬರೆದುದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ವಿಷಯವನ್ನು ಈ ಹೊತ್ತು ತಮ್ಮ ಮುಂದೆ ವಿಚಾರಿಸಬೇಕೆಂದಿದ್ದೇವೆ.

ರೇಡಿಯೋ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾತು ಮತ್ತು ಸಂಗೀತ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸ್ಥಾಪಿಸಿದ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದುದೂ ಈ ಭಾವನೆಗೆ ಒಪ್ಪುವಂತೆಯೇ ಇದೆ. ಆದರೆ ಆಕಾಶಕ್ಕೆ ವಾಣಿ ಬರುವುದಕ್ಕೆ ಮುಂಚೆ ಅದು ಮೂಗರಂತೆ ಸನ್ನೆಯಿಂದಲೇ ವ್ಯವಹರಿಸುತ್ತಿತ್ತು. ಅಲೆಯನ್ನು ಸ್ವಲ್ಪ ಹೊತ್ತು ಹೊರಡಿಸಿ ನಿಲ್ಲಿಸಿದರೆ ಚುಕ್ಕೆ. ಹೆಚ್ಚು ಹೊತ್ತು ಹೊರಡಿಸಿ ನಿಲ್ಲಿಸಿದರೆ ಗೆರೆ. ಆ ಭಾಷೆಯಲ್ಲಿ ಇದ್ದುದು ಇಷ್ಟೆ.

ಛಂದಸ್ಸಿನ ಪರಿಚಯವುಳ್ಳವರಿಗೆ ಈ ಭಾಷೆ ಹೊಸದಾಗಿ ತೋರಲಾರದು. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸ್ ಸಂಕೇತದಲ್ಲಿ ಚುಕ್ಕೆಗೆ ಒಂದು ಮಾತ್ರೆ, ಗೆರೆಗೆ ಮೂರು. ಇಲ್ಲಿ ಮೌನಕ್ಕೂ ಅಳತೆಯುಂಟೆಂಬುದು ವಿಶೇಷ. ಒಂದೇ ಅಕ್ಷರಕ್ಕೆ ಸೇರಿದ ಚುಕ್ಕೆ ಗೆರೆಗಳ ನಡುವೆ ಒಂದು ಮಾತ್ರೆಯ ಮೌನ, ಅಕ್ಷರ ಅಕ್ಷರಗಳ ನಡುವೆ ಮೂರು, ಪದ ಪದಗಳ ನಡುವೆ ಏಳು. ಇನ್ನು ಅಕ್ಷರಗಳ ಸಂಖ್ಯೆಯನ್ನು ಪ್ರಸ್ತಾರ ಹಾಕಿಯೇ ತಿಳಿಯಬಹುದು. ಒಂದು ಸ್ಥಾನಕ್ಕೆ ಎರಡು ರೂಪ, ಎರಡು ಸ್ಥಾನಕ್ಕೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕಕ್ಕೆ ಹದಿನಾರು, ಒಟ್ಟು 30. ಇಂಗ್ಲಿಷಿನ 26 ಅಕ್ಷರಗಳೂ ಇದರೊಳಗೆ ಅಡಗಿ ಇನ್ನು ನಾಲ್ಕು ರೂಪಗಳು ಮಿಗುತ್ತವೆ. ಹೆಚ್ಚು ಬಳಕೆಯ 'ಇ' ಅಕ್ಷರಕ್ಕೆ ಒಂದೇ ಚುಕ್ಕೆ, 'ಟಿ' ಅಕ್ಷರಕ್ಕೆ ಒಂದೇ ಗೆರೆ. ಅಂಕಿಗಳಿಗೆ ಐದೈದು ಸ್ಥಾನಗಳು.

ಯಂತ್ರವು ಮೋರ್ಸ್ ಸಂಕೇತವನ್ನು ಗ್ರಹಿಸುವುದು ಈಚಿನ ಕೌತುಕವೆಂದು ಭಾವಿಸುವವರುಂಟು. ಚರಿತ್ರೆ ಹೇಳುವುದು ಇದಕ್ಕೆ ವಿರುದ್ಧವಾಗಿದೆ. 1844ನೆಯ ಮೇ 24ರಂದು ವಾಷಿಂಗ್‌ಟನ್ನಿಗೂ ಬಾಲ್ಟಿಮೋರಿಗೂ ನಡುವೆ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಆಲ್‌ಫ್ರೆಡ್ ವೇಲ್ ಇವರು ತಂತಿಯ ಮೂಲಕ ವರ್ತಮಾನ ಕಳುಹಿಸಿದಾಗ, ಅದನ್ನು ಗ್ರಹಿಸಿದುದು ಕಿವಿಯಲ್ಲ. ಗಡಿಯಾರದಂತೆ ಓಡುತ್ತಿದ್ದ ಕಾಗದದ ಪಟ್ಟಿಯ ಮೇಲೆ ಯಂತ್ರದ ಮೊನೆಯು ಚುಕ್ಕೆ ಗೆರೆಗಳನ್ನು ಒತ್ತುತ್ತಿತ್ತು; ಗುಮಾಸ್ತನು ಅದನ್ನು ಕಣ್ಣಿನಿಂದ ಓದುತ್ತಿದ್ದನು. ಕೆಲವು ವರ್ಷಗಳಲ್ಲಿಯೇ ಗುಮಾಸ್ತರಿಗೆ ಒಂದು ಸಂಗತಿ ಗೊತ್ತಾಯಿತು. ಮೊನೆಯು ಕಾಗದಕ್ಕೆ ತಗುಲುವಾಗ ಆಗುವ ಟಕಟಕ ಸದ್ದಿನಿಂದಲೇ, ಕಾಗದವನ್ನು ನೋಡದೆ, ವರ್ತಮಾನವನ್ನು ತಿಳಿಯಬಹುದಾಗಿತ್ತು. ಮೇಲಿನವರು ಮೊದಮೊದಲು ಇದನ್ನು ಒಪ್ಪಲಿಲ್ಲ. ಕಾಗದವಾದರೆ ದಾಖಲೆ, ಕಿವಿಗೆ ಸಾಕ್ಷಿಯೇನು ಎಂದರು. ಆದರೆ ಕಿವಿಯೇ ಹೆಚ್ಚು ಬೇಗವೆಂದು ಅನುಭವಕ್ಕೆ ಬಂದ ಮೇಲೆ ಅನೇಕ ಕಡೆಗಳಲ್ಲಿ ಕಾಗದದ ಪಟ್ಟಿ ಹಿಂದೆ ಸರಿದು ಸದ್ದಿನ ಯಂತ್ರ ಮುಂದೆ ಬಂದಿತು.

ಕಿವಿ ಮತ್ತು ಯಂತ್ರಗಳ ಈ ವ್ಯಾಜ್ಯವು ನಿಸ್ತಂತು ವಿದ್ಯೆಯ ಪ್ರಾರಂಭದಲ್ಲಿ ಮತ್ತೆ ತಲೆಯೆತ್ತಿತು. 1901ನೆಯ ಡಿಸೆಂಬರಿನಲ್ಲಿ ಮಾರ್ಕೋನಿಯು ನ್ಯೂಫೌಂಡ್‌ಲೆಂಡಿನಲ್ಲಿ ಕುಳಿತು, ಅಟ್ಲಾಂಟಿಕ್ ಸಾಗರದ ಆಚೆ ಇಂಗ್ಲೆಂಡಿನ ಪೋಲ್ಡ್ಯೂ ಎಂಬಲ್ಲಿಂದ ಬಂದ 'ಎಸ್' ಅಕ್ಷರವನ್ನು, ಅಂದರೆ ಮೂರು ಚುಕ್ಕೆಗಳನ್ನು, ಕೇಳಿದುದಾಗಿ ಸಾರಿದನು. ಅವನು ಕೇಳಿದುದು ಟೆಲಿಫೋನಿನ ಶ್ರವಣಿಯಿಂದ. ಕಾಗದದ ಗುರುತು ಯಾವುದೂ ಇರಲಿಲ್ಲ. ಗಾಳಿಯ ಮೊರೆತದೊಳಗೆ ಕಿವಿಯು ತಾನು ಬಯಸಿದುದನ್ನು ಕೇಳಿರಬಾರದೇಕೆ ಎಂದು ಸಂಶಯಪಟ್ಟವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದಕಾರಣ ಮಾರ್ಕೋನಿಯು 1902ನೆಯ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಪ್ರಯಾಣಮಾಡುತ್ತ, ದಿನದಿನವೂ ಪೋಲ್ಡ್ಯೂವಿನ ಸಂಕೇತಗಳನ್ನು ಯಂತ್ರದಿಂದ ಕಾಗದದ ಪಟ್ಟಿಯ ಮೇಲೆಯೇ ಬರೆಯಿಸಿದನು. ಸುಮಾರು 1,550 ಮೈಲಿಗಳವರೆಗೆ ಪೂರ್ಣ ಸಂದೇಶಗಳೂ ಸುಮಾರು 2,100 ಮೈಲಿಗಳವರೆಗೆ 'ಎಸ್' ಅಕ್ಷರವೂ ಕಾಗದಕ್ಕೆ ಬಂದವು. ಕಿವಿಗೆ ಸೂಕ್ಷ್ಮತೆಯುಂಟು, ಯಂತ್ರಕ್ಕೆ ಸಾಕ್ಷ್ಯವುಂಟು. ಇವೆರಡನ್ನೂ ಒಟ್ಟುಗೂಡಿಸುವುದು ಹೇಗೆಂಬುದೇ ಮುಂದಿನವರ ಸಮಸ್ಯೆಯಾಯಿತು.

ಈಗ ಯಂತ್ರದ ಕಾರ್ಯವನ್ನು ಕ್ರಮವಾಗಿ ನೋಡೋಣ. ಮೊದಲು ಕಳುಹಿಸುವ ಪಕ್ಷ. ಸಂದೇಶವನ್ನು ಅಲೆಗೆ ಏರಿಸುವುದು, ಅಲೆಯಿಂದ ಇಳಿಸುವುದು ಎಂಬ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ಉಪಕರಣಕ್ಕೆ ಮಾಡೆಮ್ ಎಂದು ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರೇಡಿಯೋ ಮಾಡೆಮ್‌ಗಳು ಈಗ ದೊರೆಯುತ್ತವೆ. ಹವ್ಯಾಸಿಗಳು ತಮ್ಮ ರೇಡಿಯೋ ಯಂತ್ರಕ್ಕೆ ಕಂಪ್ಯೂಟರನ್ನು ಜೋಡಿಸಿ ಅದೇ ಕೆಲಸವನ್ನು ಮಾಡಿಸುವುದೂ ಉಂಟು. ಕೈಯಿಂದ ಒತ್ತುವ ಕೀಲಿಯ ಸ್ಥಾನದಲ್ಲಿ ಒಂದು ಟ್ರಾನ್ಸಿಸ್ಟರನ್ನಿಟ್ಟರೆ ಕಂಪ್ಯೂಟರೇ ಕೀಲಿಯನ್ನು ಒತ್ತಿ ಬಿಡಬಲ್ಲುದು. ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೋವಿನಲ್ಲಿ ಸಂದೇಶ ಕಳುಹಿಸಬೇಕಾದರೆ ಸರ್ಕಾರದ ಪರವಾನಗಿ ಬೇಕೆಂಬುದನ್ನು ಮಾತ್ರ ಮರೆಯಬಾರದು.

ವೇಗದ ಲೆಕ್ಕವನ್ನು 'ಪ್ಯಾರಿಸ್' ಎಂಬ ಪದದಿಂದ ಮಾಡುವುದು ವಾಡಿಕೆ. ಅದರ ಇಂಗ್ಲಿಷ್ ಅಕ್ಷರಗಳನ್ನು, ಕೊನೆಯ ಮೌನವನ್ನೂ ಸೇರಿಸಿ, ಎಣಿಸಿದರೆ ಸರಿಯಾಗಿ 50 ಮಾತ್ರೆಗಳಾಗುತ್ತವೆ. ನಿಮಿಷಕ್ಕೆ ಇಂಥ 20 ಪದಗಳಾದರೆ 1,000 ಮಾತ್ರೆ. ಆದ್ದರಿಂದ ಒಂದು ಮಾತ್ರೆಗೆ ಸೆಕೆಂಡಿನ ಸಾವಿರದಲ್ಲಿ 60 ಭಾಗ. ಚುಕ್ಕೆಗೆ 60, ಗೆರೆಗೆ 180. ಅಲೆಯನ್ನು ಕತ್ತಿಯಿಂದ ಕಡಿದಂತೆ ಒಮ್ಮೆಲೇ ಹೊರಡಿಸಿ ಒಮ್ಮೆಲೇ ನಿಲ್ಲಿಸಿದರೆ ಅಕ್ಕಪಕ್ಕದ ಕಂಪನಾಂಕಗಳಲ್ಲಿ ಇತರರಿಗೆ ಕಿಟಿಕಿಟಿ ಸದ್ದಿನ ತೊಂದರೆಯುಂಟಾಗುವುದು. ಅದಕ್ಕಾಗಿ ಸಾವಿರದಲ್ಲಿ ಐದು ಭಾಗದಷ್ಟು ಕಾಲದಲ್ಲಿ ಮೆಲ್ಲನೆ ಏರಿಸಿ ಇಳಿಸುವರು. ಇಷ್ಟನ್ನು ಮಾಡುವುದು ಯಂತ್ರಕ್ಕೆ ಸುಲಭ. 1858ರಲ್ಲಿಯೇ ಚಾರ್ಲ್ಸ್ ವೀಟ್‌ಸ್ಟನ್ ತೂತುಗಳಿರುವ ಕಾಗದದ ಪಟ್ಟಿಯಿಂದ ತಂತಿ ಸಂದೇಶವನ್ನು ತಾನಾಗಿ ಕಳುಹಿಸುವ ಉಪಾಯವನ್ನು ಕಂಡಿದ್ದನು.

ಓದುವ ಪಕ್ಷವು ಇಷ್ಟು ಸುಲಭವಲ್ಲ. ರೇಡಿಯೋ ಗ್ರಾಹಕವು ಬಂದ ಅಲೆಯನ್ನು, ಸೆಕೆಂಡಿಗೆ 700 ಕಂಪನಗಳಷ್ಟು ಶ್ರುತಿಯುಳ್ಳ ಒಂದು ಸ್ವರವನ್ನಾಗಿ ಮಾಡಿ ಕೊಡುತ್ತದೆಂದು ಇಟ್ಟುಕೊಳ್ಳೋಣ. ಅದರೊಡನೆ ಗಾಳಿಯ ಗದ್ದಲ, ಮಿಂಚಿನ ಸಿಡಿತ, ನೆರೆಯ ನಿಲಯಗಳ ಸ್ವರಗಳು ಎಲ್ಲವೂ ಬರುತ್ತವೆ. ತಂಬೂರಿಯ ತಂತಿಯು ತನ್ನ ಶ್ರುತಿಗೆ ಹೊಂದುವ ಸ್ವರಕ್ಕೆ ಮಾತ್ರ ತಾನಾಗಿ ಮಿಡಿಯುವಂತೆ, ಯಂತ್ರವೂ ಆ ಒಂದು ಶ್ರುತಿಯಲ್ಲಿ ಎಷ್ಟು ಬಲವಿದೆಯೆಂಬುದನ್ನಷ್ಟೇ ಅಳೆಯಬೇಕು. 1958ರಲ್ಲಿ ಗೆರಾಲ್ಡ್ ಗೋರ್ಟ್ಸೆಲ್ ಎಂಬ ವಿದ್ವಾಂಸನು ಪ್ರಕಟಿಸಿದ ಒಂದು ಗಣಿತಕ್ರಮವು ಇದಕ್ಕೆ ಬಹಳ ಅನುಕೂಲವಾದುದು. ಕಂಪ್ಯೂಟರು ಸದ್ದನ್ನು ಸೆಕೆಂಡಿಗೆ 8,000 ಸಾರಿ ಅಳೆಯುತ್ತಿದ್ದರೆ, 120 ಅಳತೆಗಳ ಒಂದೊಂದು ಕಟ್ಟನ್ನು ತೆಗೆದುಕೊಂಡು ಈ ಲೆಕ್ಕವನ್ನು ಮಾಡುವುದು. ಅಂದರೆ ಸೆಕೆಂಡಿನ ಸಾವಿರದಲ್ಲಿ 15 ಭಾಗಕ್ಕೊಮ್ಮೆ 'ಸ್ವರವಿದೆ' ಅಥವಾ 'ಸ್ವರವಿಲ್ಲ' ಎಂಬ ತೀರ್ಪು ಬರುವುದು. ಕಟ್ಟನ್ನು ಇನ್ನೂ ಉದ್ದಮಾಡಿದರೆ ಗದ್ದಲ ಹೆಚ್ಚು ಸೋಸಿಹೋಗುವುದು ನಿಜ. ಆದರೆ ಚುಕ್ಕೆಯ ಅಂಚುಗಳು ಮಸುಕಾಗಿ ಅದರ ಉದ್ದವೇ ತಿಳಿಯದೆ ಹೋಗುವುದು. ಒಂದನ್ನು ಪಡೆಯಲು ಇನ್ನೊಂದನ್ನು ಕೊಡಲೇಬೇಕು.

ಅನಂತರ ಯಂತ್ರವು ಸ್ವರದ ಕಾಲವನ್ನೂ ಮೌನದ ಕಾಲವನ್ನೂ ಎಣಿಸುತ್ತದೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಚುಕ್ಕೆ 60, ಗೆರೆ 180 ಆದುದರಿಂದ ನಡುವಣ 120ನ್ನು ಎಲ್ಲೆಯಾಗಿಟ್ಟುಕೊಂಡು, ಅದಕ್ಕಿಂತ ಕಡಿಮೆಯಾದುದನ್ನು ಚುಕ್ಕೆಯೆಂದೂ ಹೆಚ್ಚಾದುದನ್ನು ಗೆರೆಯೆಂದೂ ಗಣಿಸುತ್ತದೆ. ಹಾಗೆ ಕೂಡಿದ ಚುಕ್ಕೆ ಗೆರೆಗಳ ಸಾಲನ್ನು ನಾವು ಹಿಂದೆ ಹೇಳಿದ ಪ್ರಸ್ತಾರದ ಪಟ್ಟಿಯಲ್ಲಿ ಹುಡುಕಿ ಅಕ್ಷರವನ್ನು ಅಚ್ಚುಮಾಡುತ್ತದೆ.

ಇಷ್ಟಾದರೆ ಕೆಲಸ ಮುಗಿಯಿತೆಂದು ತೋರಬಹುದು. ಕಳುಹಿಸುವವನೂ ಯಂತ್ರವೇ ಆಗಿ, ಸಂಕೇತವೂ ಬಲವಾಗಿ ಬರುತ್ತಿದ್ದರೆ ಮುಗಿದಂತೆಯೇ ಸರಿ. ಫ್ರೆಡರಿಕ್ ಕ್ರೀಡ್ ಎಂಬಾತನು 20ನೆಯ ಶತಮಾನದ ಆರಂಭದಲ್ಲಿಯೇ, ಒಂದು ಟ್ರಾನ್ಸಿಸ್ಟರೂ ಇಲ್ಲದೆ, ಮೋರ್ಸ್ ಸಂಕೇತವನ್ನು ಅಕ್ಷರಗಳಾಗಿ ಅಚ್ಚುಮಾಡುವ ಯಂತ್ರವನ್ನು ನಿರ್ಮಿಸಿದ್ದನು. ಆದರೆ ಕಳುಹಿಸುವವನು ಮನುಷ್ಯನಾದರೆ? ಕೈಬರಹದಂತೆ ಕೀಲಿಯ ಒತ್ತುವಿಕೆಯೂ ಒಬ್ಬೊಬ್ಬರದು ಒಂದೊಂದು ಬಗೆ. ಒಬ್ಬನ ಗೆರೆ ಮೂರು ಮಾತ್ರೆಯ ಬದಲು ನಾಲ್ಕು. ಇನ್ನೊಬ್ಬನು ಅವಸರದಲ್ಲಿ ಅಕ್ಷರಗಳ ನಡುವಣ ಮೌನವನ್ನು ನುಂಗುತ್ತಾನೆ. 'ಎ' ಎಂದರೆ ಚುಕ್ಕೆ, ಗೆರೆ. 'ಎನ್' ಎಂದರೆ ಗೆರೆ, ಚುಕ್ಕೆ. ಇವೆರಡರ ನಡುವಣ ಮೌನ ಕುಗ್ಗಿತೆಂದರೆ ಎರಡೂ ಕೂಡಿ 'ಪಿ' ಆಗುತ್ತದೆ. ಪದಚ್ಛೇದ ತಪ್ಪಿದರೆ ಅರ್ಥವೇ ಕೆಡುವುದೆಂಬುದನ್ನು ಹಳಗನ್ನಡ ಕಾವ್ಯವನ್ನು ಓದಿದವರಿಗೆ ನಾವು ಹೇಳಬೇಕಾದುದಿಲ್ಲ. ಮುಂದೆ ಬರುವ ಮಾತನ್ನು ಊಹಿಸಬಲ್ಲ ಮನುಷ್ಯನು ಇಂಥ ಕಡೆಗಳಲ್ಲಿ ತಡವರಿಸುವುದಿಲ್ಲ. ಕಾಲವನ್ನು ಮಾತ್ರ ಅಳೆಯುವ ಯಂತ್ರವು ಎಡವುತ್ತದೆ.

ವೇಗ ಬದಲಾದಾಗ ಆಗುವ ಅನರ್ಥ ಇನ್ನೊಂದು. ನಿಮಿಷಕ್ಕೆ 10 ಪದಗಳನ್ನು ಕಳುಹಿಸುವವನು ನಡುವೆ ಬಂದರೆ ಅವನ ಚುಕ್ಕೆಯೇ 120 ಆಗುತ್ತದೆ. ಹಳೆಯ ಎಲ್ಲೆಯನ್ನೇ ಹಿಡಿದಿರುವ ಯಂತ್ರಕ್ಕೆ ಅದು ಚುಕ್ಕೆಯೋ ಗೆರೆಯೋ ತಿಳಿಯದು. ಆದ್ದರಿಂದ ಯಂತ್ರವು ಮಾತ್ರೆಯ ಅಳತೆಯನ್ನು ಆಗಾಗ ತಿದ್ದಿಕೊಳ್ಳುತ್ತಿರಬೇಕು. ಬೇಗ ಬೇಗ ತಿದ್ದಿಕೊಂಡರೆ ಒಂದು ಮಿಂಚಿನ ಸಿಡಿತವೂ ಅದನ್ನು ದಾರಿ ತಪ್ಪಿಸುವುದು. ನಿಧಾನವಾಗಿ ತಿದ್ದಿಕೊಂಡರೆ ಹೊಸಬನ ಮೊದಲ ಪದಗಳು ಕಳೆದುಹೋಗುವುವು. ಆ ಮೊದಲ ಪದಗಳಲ್ಲಿಯೇ ಅವನ ಹೆಸರು ಇರುವುದು ಸಾಮಾನ್ಯ.

ಎಲ್ಲಕ್ಕಿಂತ ದೊಡ್ಡ ದೋಷವೊಂದಿದೆ. ಯಾರೂ ಏನನ್ನೂ ಕಳುಹಿಸದಿರುವಾಗಲೂ ಬರಿಯ ಗದ್ದಲವನ್ನು ಕೇಳಿ ಯಂತ್ರವು 'ಇ', 'ಟಿ', 'ಐ' ಎಂದು ಅಚ್ಚುಮಾಡುತ್ತ ಹೋಗುತ್ತದೆ. ಏಕೆಂದರೆ ಚಿಕ್ಕ ಸಿಡಿತವೆಲ್ಲ ಅದರ ಪಾಲಿಗೆ ಚುಕ್ಕೆ. ಹಾಗೆ ಅಚ್ಚಾದ ಸುಳ್ಳು ಅಕ್ಷರವೂ ನಿಜವಾದ ಅಕ್ಷರವೂ ನೋಡುವುದಕ್ಕೆ ಒಂದೇ ಸಮ. ಅನುಭವಿಯಾದ ಆಪರೇಟರನು ಕೇಳಿಸದ ಕಡೆ ಜಾಗವನ್ನು ಬಿಡುತ್ತಾನೆ. ಇಲ್ಲವೆ 'ತಿಳಿಯಲಿಲ್ಲ, ಮತ್ತೊಮ್ಮೆ' ಎಂದು ಕೇಳುತ್ತಾನೆ. ಈಗಿನ ಮಾಡೆಮ್‌ಗಳು ತಮ್ಮತಮ್ಮೊಳಗೆ ವ್ಯವಹರಿಸುವಾಗ ಸಂದೇಶದ ಕೊನೆಯಲ್ಲಿ ಒಂದು ತಾಳೆಯ ಅಂಕಿಯನ್ನು ಸೇರಿಸುವುದುಂಟು. ಅದು ಹೊಂದದಿದ್ದರೆ ಸಂದೇಶವನ್ನೇ ತಳ್ಳಿಹಾಕುವುವು. ಮೋರ್ಸ್ ಸಂಕೇತದಲ್ಲಿ ಅಂಥ ತಾಳೆಯಿಲ್ಲ. ಅಲ್ಲಿ ತಾಳೆ ನೋಡುವವನು ಕೇಳುವವನೇ.

ಇದು ಕೇವಲ ವಿನೋದದ ವಿಷಯವಲ್ಲ. ಪ್ರಾಣದ ವಿಷಯವೂ ಆಗಿದ್ದಿತು. 1912ನೆಯ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಮಂಜಿನ ಗಡ್ಡೆಗೆ ತಾಗಿದಾಗ ಅದರ ಆಪರೇಟರುಗಳಾದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ನೆರವಿಗಾಗಿ ಕೂಗಿದರು. ಅವರಿಗೆ ಬಲು ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನಲ್ಲಿದ್ದವನು ಒಬ್ಬನೇ ಆಪರೇಟರನು. ಅವನು ದಿನದ ಕೆಲಸ ಮುಗಿಸಿ ಮಲಗಿದ್ದನು. ದೂರದ ಕಾರ್ಪೇಥಿಯಾ ಹಡಗಿನ ಹೆರಾಲ್ಡ್ ಕಾಟಮ್ ಕೂಡ ಮಲಗುವ ಸನ್ನಾಹದಲ್ಲಿದ್ದನು. ಶ್ರವಣಿಯನ್ನು ಇನ್ನೂ ತೆಗೆದಿರಲಿಲ್ಲವಾಗಿ ಕೂಗು ಅವನ ಕಿವಿಗೆ ಬಿದ್ದಿತು. ಏಳು ನೂರಕ್ಕೆ ಮೇಲ್ಪಟ್ಟು ಜನರು ಉಳಿದುದು ಆ ಒಂದು ಕಿವಿಯಿಂದ. ಸುಮಾರು 1,500 ಮಂದಿ ಅಳಿದರು. ಕಿವಿ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೆ ನಿದ್ರೆಯುಂಟೆಂಬುದನ್ನು ಲೋಕವು ಅಂದು ಕಲಿತಿತು.

ದೊಡ್ಡ ಹಡಗುಗಳಲ್ಲಿ ಹಗಲಿರುಳೂ ಕೇಳುತ್ತಿರಬೇಕೆಂದು 1914ರ ಲಂಡನ್ ಒಪ್ಪಂದವು ವಿಧಿಸಿತು. ಆದರೆ ಪ್ರತಿಯೊಂದು ಹಡಗಿಗೂ ಮೂವರು ಆಪರೇಟರುಗಳನ್ನಿಡುವುದು ಸಾಧ್ಯವೆ? ಎಸ್‌ಓಎಸ್ ಸಂಕೇತವನ್ನು ಗುರುತಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದೆಂದು ಮೊದಲು ತೋರುವುದು ಸಹಜ. ಆ ಸಂಕೇತವು ಮೂರು ಅಕ್ಷರಗಳಲ್ಲ. ನಡುವೆ ಅಕ್ಷರದ ಮೌನವಿಲ್ಲದೆ ಒಂದೇ ಉಸಿರಿನಲ್ಲಿ ಕಳುಹಿಸುವ ಒಂಬತ್ತು ಸ್ಥಾನಗಳ ಒಂದೇ ರೂಪ. ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ಸೇರಿಸದಿದ್ದರೆ, ಇಂದಿಗೂ ಅಕ್ಷರ ಓದುವ ಯಂತ್ರವು ಅದನ್ನು ಗುರುತಿಸಲಾರದು. ಮುಳುಗುವ ಹಡಗಿನ ಆಪರೇಟರನ ಕೈ ನಡುಗುತ್ತಿದ್ದರೆ, ಗಾಳಿಯಲ್ಲಿ ಗದ್ದಲವಿದ್ದರೆ, ಯಂತ್ರವನ್ನು ನಂಬುವುದೆಂತು?

ಆಗಿನ ಇಂಜಿನಿಯರುಗಳು ಯಂತ್ರಕ್ಕೆ ಓದು ಕಲಿಸುವ ಗೋಜಿಗೆ ಹೋಗಲಿಲ್ಲ. ಯಂತ್ರಕ್ಕೆ ತಿಳಿಯುವಂಥ ಸಂಕೇತವೊಂದನ್ನು ಹೊಸದಾಗಿ ಗೊತ್ತುಮಾಡಿದರು. 1927ರ ವಾಷಿಂಗ್‌ಟನ್ ಸಮ್ಮೇಳನವು ಅದನ್ನು ಅಂಗೀಕರಿಸಿತು. ನಾಲ್ಕು ಸೆಕೆಂಡಿನ ಗೆರೆ, ಒಂದು ಸೆಕೆಂಡಿನ ಮೌನ. ಹೀಗೆ ಹನ್ನೆರಡು ಗೆರೆಗಳು, ಒಟ್ಟು ಒಂದು ನಿಮಿಷ. ಗಡಿಯಾರವನ್ನು ನೋಡಿಕೊಂಡು ಯಾರು ಬೇಕಾದರೂ ಇದನ್ನು ಕಳುಹಿಸಬಹುದಾಗಿತ್ತು. ಮಿಂಚಿನ ಸಿಡಿತವು ನಾಲ್ಕು ಸೆಕೆಂಡು ನಿಲ್ಲುವುದು ಅಪರೂಪ. ಸರಿಯಾದ ಅಳತೆಯ ಮೂರೋ ನಾಲ್ಕೋ ಗೆರೆಗಳು ಒಂದರ ಹಿಂದೊಂದು ಬಂದರೆ ಯಂತ್ರವು ಗಂಟೆ ಬಾರಿಸಿ ಆಪರೇಟರನನ್ನು ಎಬ್ಬಿಸುತ್ತಿತ್ತು. ಅವನು ಎದ್ದು ಬಂದು ಶ್ರವಣಿಯನ್ನು ಧರಿಸಿ, ಗೆರೆಗಳ ಹಿಂದೆ ಬರುವ ಎಸ್‌ಓಎಸ್ಸನ್ನೂ ಹಡಗಿನ ಹೆಸರನ್ನೂ ಸ್ಥಳವನ್ನೂ ಕೇಳಿ ಬರೆದುಕೊಳ್ಳುತ್ತಿದ್ದನು. ಎಚ್ಚರವಾಗಿರುವ ಕೆಲಸ ಯಂತ್ರದ್ದು, ಅರ್ಥ ತಿಳಿಯುವ ಕೆಲಸ ಮನುಷ್ಯನದು. ಗದ್ದಲದಿಂದ ಒಮ್ಮೊಮ್ಮೆ ಸುಳ್ಳು ಗಂಟೆ ಬಾರಿಸಿದರೂ ಆದ ನಷ್ಟವು ಒಂದು ನಿದ್ರಾಭಂಗದಷ್ಟೆ. ಈ ವಿಭಾಗವು 1999ನೆಯ ಫೆಬ್ರವರಿ 1ರಂದು ಉಪಗ್ರಹಗಳನ್ನೂ ಒಳಗೊಂಡ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬರುವ ತನಕ ಕಡಲಿನಲ್ಲಿ ನಡೆದುಬಂದಿತು.

ಕಡಲಿನಲ್ಲಿ ಹೀಗೆ ಮುಗಿದರೂ ಮೋರ್ಸ್ ಸಂಕೇತವು ಲೋಕದಿಂದ ಮರೆಯಾಗಲಿಲ್ಲ. ಹವ್ಯಾಸಿಗಳು ಇದನ್ನು ಕಲಿತೇ ಇರಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆಯು 2003ರಲ್ಲಿ ಸಡಲಿದರೂ, ಇಷ್ಟಪಟ್ಟು ಕಲಿಯುವವರು ಇದ್ದಾರೆ. ವಿಮಾನಗಳಿಗೆ ದಾರಿ ತೋರಿಸುವ ಅನೇಕ ರೇಡಿಯೋ ನಿಲಯಗಳು ಈಗಲೂ ತಮ್ಮ ಹೆಸರನ್ನು ಮೋರ್ಸಿನಲ್ಲಿಯೇ ಸಾರುತ್ತವೆ. ಹೊಸ ವಿಮಾನಗಳ ಉಪಕರಣಗಳು ಅದನ್ನು ತಾವೇ ಓದಿ ಅಕ್ಷರದಲ್ಲಿ ತೋರಿಸುವುದುಂಟು. 2008ರಲ್ಲಿ ಅಲೆಕ್ಸ್ ಶೋವ್‌ಕೊಪ್ಲ್ಯಾಸ್ ಎಂಬವರು ಹೊರತಂದ ಕಂಪ್ಯೂಟರ್ ಕ್ರಮವೊಂದು ಏಕಕಾಲದಲ್ಲಿ ನೂರಾರು ನಿಲಯಗಳ ಸಂಕೇತವನ್ನು ಓದಬಲ್ಲುದು. ಅದು ಚುಕ್ಕೆಯೋ ಗೆರೆಯೋ ಎಂದು ಒಮ್ಮೆಲೇ ತೀರ್ಮಾನಿಸದೆ, ಎರಡರ ಸಂಭವವನ್ನೂ ತೂಗಿನೋಡಿ ಮುಂದುವರಿಯುತ್ತದೆ. ಇವೆಲ್ಲದರಲ್ಲಿಯೂ ಒಂದು ಸಾಮ್ಯವನ್ನು ಕಾಣಬಹುದು. ನಿಲಯದ ಹೆಸರು ಚಿಕ್ಕದು, ಗೊತ್ತಾದ ರೂಪದ್ದು, ಮತ್ತೆ ಮತ್ತೆ ಬರುವಂಥದು. ಯಂತ್ರವು ಗೆಲ್ಲುವುದು ಇಂಥ ಕಡೆಯಲ್ಲಿಯೇ. ಕ್ಷೀಣವಾಗಿ ಏರುತ್ತ ಇಳಿಯುತ್ತ ಬರುವ, ಕೈಯಿಂದ ಕಳುಹಿಸಿದ, ಹಿಂದೆಂದೂ ಕೇಳದ ಮಾತಿನಲ್ಲಿ ಪಳಗಿದ ಕಿವಿಯು ಅನೇಕ ವೇಳೆ ಯಂತ್ರಕ್ಕಿಂತ ಮುಂದಿರುತ್ತದೆ.

ಆದಕಾರಣ ಇಂಥ ಯಂತ್ರವನ್ನು ಕಟ್ಟಬೇಕೆಂದಿರುವ ಯುವಕ ಯುವತಿಯರಿಗೆ ನಾವು ಹೇಳಬೇಕಾದುದು ಎರಡೇ ಮಾತು. ಮೊದಲನೆಯದಾಗಿ, ಯಂತ್ರವು ಸಂಶಯವನ್ನು ತೋರಿಸುವಂತೆ ಮಾಡಿ. ಅಳತೆಯು ಎಲ್ಲೆಯ ಸಮೀಪಕ್ಕೆ ಬಂದಾಗ ಅಕ್ಷರದ ಬದಲು ಒಂದು ಪ್ರಶ್ನೆಯ ಗುರುತನ್ನು ಅಚ್ಚುಮಾಡಲಿ. ಸ್ವರವೇ ಇಲ್ಲದಾಗ ಸುಮ್ಮನಿರಲಿ. ಎರಡನೆಯದಾಗಿ, ಸಂಕೇತವನ್ನು ತಾವೂ ಕಲಿಯಿರಿ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ತಿಂಗಳು ಕೇಳಿದರೆ ಅಕ್ಷರಗಳು ಕಿವಿಗೆ ಒಗ್ಗುತ್ತವೆ. ಯಂತ್ರವು ಬರೆದುದನ್ನು ತಾಳೆ ನೋಡಬಲ್ಲವನಿಗೆ ಅದು ಒಳ್ಳೆಯ ಸೇವಕ. ತಾಳೆ ನೋಡಲಾರದವನು ಅದು ಬರೆದುದೆಲ್ಲವನ್ನೂ ನಂಬಬೇಕಾಗುವುದು. ಹಡಗಿನ ಆ ಗಂಟೆಯು ಆಪರೇಟರನನ್ನು ಎಬ್ಬಿಸುವುದಕ್ಕಾಗಿ ಇದ್ದಿತೇ ಹೊರತು ಅವನ ಬದಲು ಕುಳಿತುಕೊಳ್ಳುವುದಕ್ಕಾಗಿ ಅಲ್ಲವೆಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರಿ, ಈ ಭಾಷಣವನ್ನು ಮುಗಿಸುತ್ತೇವೆ.